ರೆಕಾರ್ಡಿಂಗ್ ಬಾಕ್ಸಿನ ಕೆಂಪು ದೀಪ

"ಅಣ್ಣಾ, ನಾವ್ಯಾರೂ ಮನೇಲಿ ಇಲ್ದಿದ್ರೂ ಇದು ತಾನೇ ರೆಕಾರ್ಡ್ ಮಾಡುತ್ತಾ?"

ಚೂಟಿ ಈ ಪ್ರಶ್ನೆ ಕೇಳಿದ್ದು ಮೂರನೇ ಸಲ. ಡಿಶ್ ಹಾಕಲು ಬಂದಿದ್ದ ಅಣ್ಣ ಟಿ.ವಿ. ಹಿಂದೆ ತಲೆ ತೂರಿಸಿ ಕೂತಿದ್ದ. ಬಾಯಲ್ಲಿ ಕಚ್ಚಿಕೊಂಡಿದ್ದ ಸ್ಕ್ರೂ ಡ್ರೈವರ್ ತೆಗೆದು, "ಮಾಡುತ್ತೆ ತಾಯೀ, ಮಾಡುತ್ತೆ! ನೀನು ಚಾನೆಲ್ಲು, ಟೈಮು ಎರಡೂ ಹಾಕಿಟ್ರೆ ಸಾಕು" ಎಂದ.

"ಟಿ.ವಿ. ಆಫ್ ಆಗಿದ್ರೆ?"

"ಆಗಿದ್ರೂ ಮಾಡುತ್ತೆ. ಇಲ್ನೋಡು, ಈ ಕೆಂಪು ಲೈಟ್ ಮಾತ್ರ ಉರೀತಾ ಇರ್ಬೇಕು. ಅದು ಉರೀತಿದ್ರೆ ಬಾಕ್ಸ್ ಎಚ್ಚರ ಇದೆ ಅಂತ ಲೆಕ್ಕ."

ಚೂಟಿ ಬಗ್ಗಿ ನೋಡಿದಳು. ಕಪ್ಪು ಬಾಕ್ಸು ಅವಳ ಟಿಫಿನ್ ಡಬ್ಬಿಗಿಂತ ಸ್ವಲ್ಪ ದೊಡ್ಡದಿತ್ತು. ಅದರ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ದೀಪ. ಇಷ್ಟು ಚಿಕ್ಕ ಡಬ್ಬಿಯೊಳಗೆ ನಾಳೆ ತಾನು ಪೂರ್ತಿ ಹಿಡಿಸುತ್ತೇನಾ ಎಂದು ಅವಳಿಗೆ ಒಂದು ಗಳಿಗೆ ಅನುಮಾನ ಬಂತು.

"ಬಂತಾ? ಚಿತ್ರ ಬಂತೇನ್ರಪ್ಪಾ?" ತಾರಸಿಯಿಂದ ಅಜ್ಜನ ಕೂಗು ಕೇಳಿತು. ಡಿಶ್ ಬಿಗಿದು ಮುಗಿದು ಎಷ್ಟೋ ಹೊತ್ತಾಗಿತ್ತು. ಆದರೂ ಅಜ್ಜ ಅದರ ಪಕ್ಕದಲ್ಲೇ ಕಾವಲು ನಿಂತಿದ್ದರು.

"ಬಂತು ಅಜ್ಜಾ, ಇಳೀರಿ ಕೆಳಗೆ!" ಚೂಟಿ ಕೂಗಿದಳು.

ಅಜ್ಜ ನಿಧಾನವಾಗಿ ಮೆಟ್ಟಿಲಿಳಿದು ಬಂದು, ಸೊಂಟದ ಮೇಲೆ ಕೈಯಿಟ್ಟು ಬಾಕ್ಸನ್ನು ನೋಡಿದರು. "ಎಲ್ಲಾನೂ ಹಿಡಿದಿಟ್ಕೊಳ್ಳುತ್ತಂತಲ್ಲ ಇದು. ನನ್ನ ಕನ್ನಡಕ ಎಲ್ಲಿಟ್ಟೆ ಅನ್ನೋದನ್ನೂ ಹಿಡಿದಿಟ್ಕೊಳ್ಳುತ್ತಾ ಕೇಳು" ಎಂದರು. ಡಿಶ್ ಅಣ್ಣ ನಗುತ್ತ ತನ್ನ ಬ್ಯಾಗಿನ ಜಿಪ್ ಎಳೆದ.

ಈ ಬಾಕ್ಸು ಬೇಕೆಂದು ಹಟ ಹಿಡಿದವರು ಅಪ್ಪ. ಅಪ್ಪ ಲಾರಿ ಡ್ರೈವರ್. ಮನೆಗೆ ಬರುವುದೇ ವಾರಕ್ಕೊಮ್ಮೆ. ಅವರು ಊರಲ್ಲಿ ಇಲ್ಲದಾಗಲೇ ಒಳ್ಳೊಳ್ಳೆ ಮ್ಯಾಚುಗಳೆಲ್ಲ ಮುಗಿದುಹೋಗುತ್ತಿದ್ದವು. ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಮಧ್ಯಾಹ್ನ ಹೋದರೆ ಬರುವುದು ರಾತ್ರಿ ಊಟದ ಹೊತ್ತಿಗೆ. "ನಮ್ಮನೇಲಿ ಯಾರೂ ಯಾವುದಕ್ಕೂ ಟೈಮಿಗೆ ಸರಿಯಾಗಿ ಇರಲ್ಲ. ಅದಕ್ಕೇ ಟೈಮನ್ನೇ ಹಿಡಿದಿಡೋ ಬಾಕ್ಸ್ ತರ್ಸೋಣ" ಎಂದು ಅಪ್ಪ ಹೇಳಿ, ಡಿಶ್ ಅಂಗಡಿಯಲ್ಲಿ ಮಾತಾಡಿ, ಲೋಡ್ ಹೊತ್ತು ಹೋಗಿಯೇಬಿಟ್ಟಿದ್ದರು.

ಚೂಟಿಗೆ ಮ್ಯಾಚೂ ಬೇಡ, ಸಿನಿಮಾನೂ ಬೇಡ. ಅವಳಿಗೆ ಬೇಕಾದದ್ದು ನಾಳೆ ಮಧ್ಯಾಹ್ನ ಮೂರು ಗಂಟೆಯ ಮಕ್ಕಳ ಕ್ವಿಜ್ ಒಂದೇ. ಯಾಕೆಂದರೆ ಅದರಲ್ಲಿ ಅವಳೇ ಇದ್ದಳು!

ಹೋದ ತಿಂಗಳು ಅವರ ಶಾಲೆಯ ಟೀಮನ್ನು ಟಿ.ವಿ. ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದರು. ಟೀಮಿನಲ್ಲಿ ಇಬ್ಬರು: ಚೂಟಿ, ಮತ್ತೆ ಅವಳ ಗೆಳತಿ ಉದ್ದಜಡೆ. ಅಮ್ಮನಿಗೆ ಆವತ್ತು ರಜ ಸಿಗಲಿಲ್ಲ. ಚೂಟಿ ಅಲ್ಲಿ ಒಂದೇ ಒಂದು ಪ್ರಶ್ನೆಗೆ ಉತ್ತರ ಹೇಳಿದ್ದಳು. ಆದರೆ ಆ ಪ್ರಶ್ನೆ ಯಾವುದು ಅಂತ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಅಮ್ಮ ಕೇಳಿದಾಗಲೆಲ್ಲ, "ಟಿ.ವಿ.ಲಿ ಬಂದಾಗ ನೀನೇ ನೋಡು" ಎನ್ನುತ್ತಿದ್ದಳು.

ಯಾಕೆಂದರೆ ಆ ಉತ್ತರ ಪುಸ್ತಕದ್ದಲ್ಲ, ಅಮ್ಮನದು. ಅದನ್ನು ಕೇಳಿದಾಗ ಅಮ್ಮನ ಮುಖ ಹೇಗಾಗುತ್ತದೆ ಅಂತ ಚೂಟಿ ನೋಡಬೇಕಿತ್ತು. ಆ ಆಸೆಯನ್ನು ಒಂದು ತಿಂಗಳಿಂದ ಹೊಟ್ಟೆಯೊಳಗೆ ಬಚ್ಚಿಟ್ಟುಕೊಂಡಿದ್ದಳು. ಚೂಟಿಯಂಥ ಬಾಯಿಬಡುಕಿಗೆ ಅದೇನು ಸಣ್ಣ ಕೆಲಸವೇ?

ಆ ಸಂಜೆ ರಿಮೋಟ್ ಹಿಡಿದು ಚಾನೆಲ್ ಹಾಕಿದಳು, ಟೈಮ್ ಹಾಕಿದಳು. ಸರಿಯಾಗಿದೆಯಾ ಎಂದು ತೆಗೆದು ಮತ್ತೆ ಹಾಕಿದಳು. ಬೆಳಿಗ್ಗೆ ಶಾಲೆಗೆ ಹೊರಡುವಾಗ ಕೆಂಪು ದೀಪಕ್ಕೆ ಟಾಟಾ ಮಾಡಿದಳು.

"ಈಗ್ಲಾದ್ರೂ ಹೇಳೇ, ಯಾವ ಪ್ರಶ್ನೆ?" ಅಮ್ಮ ಅವಳ ರಿಬ್ಬನ್ ಕಟ್ಟುತ್ತ ಕೇಳಿದಳು.

"ಊಹೂಂ! ರಾತ್ರಿ ಊಟ ಮಾಡ್ತಾ ನೋಡೋಣ."

ಶಾಲೆಯಲ್ಲಿ ಚೂಟಿಯ ಕಾಲು ನೆಲದ ಮೇಲಿರಲಿಲ್ಲ. ಇಡೀ ಕ್ಲಾಸಿಗೆ ಹೇಳಿದಳು. ಗೇಟಿನ ವಾಚ್‌ಮನ್‌ಗೂ ಹೇಳಿದಳು. "ನಮ್ಮ ಬಾಕ್ಸ್ ತಾನಾಗೇ ಎಚ್ಚರ ಇರುತ್ತೆ ಗೊತ್ತಾ? ಶನಿವಾರ ಎಲ್ರೂ ನಮ್ಮನೆಗೆ ಬನ್ನಿ" ಎಂದು ಜಂಬ ಕೊಚ್ಚಿದಳು. ಮೂರು ಗಂಟೆಗೆ ಲೆಕ್ಕದ ಕ್ಲಾಸು. ಟೀಚರ್ ಬೋರ್ಡಿನ ಮೇಲೆ ಭಾಗಾಕಾರ ಮಾಡುತ್ತಿದ್ದರೆ, ಉದ್ದಜಡೆ ಮೊಣಕೈಯಿಂದ ತಿವಿದು, "ಈಗ ನಾವು ಬರ್ತಿದೀವಿ ಕಣೇ" ಎಂದು ಪಿಸುಗುಟ್ಟಿದಳು. ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕೆಂದರು.

ಬೆಲ್ ಹೊಡೆದದ್ದೇ ತಡ, ಚೂಟಿ ಓಡಿದಳು. ಅಜ್ಜ ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದರು. ಬ್ಯಾಗನ್ನು ಒಂದು ಕಡೆ ಎಸೆದು, ಶೂ ಬಿಚ್ಚದೆ, ನೇರ ಟಿ.ವಿ. ಮುಂದೆ ಹೋಗಿ ನಿಂತಳು.

ಕೆಂಪು ದೀಪ ಇರಲಿಲ್ಲ.

ಚೂಟಿ ರಿಮೋಟ್ ಒತ್ತಿದಳು, ಏನೂ ಇಲ್ಲ. ಬಾಕ್ಸನ್ನು ಮೆಲ್ಲಗೆ ತಟ್ಟಿದಳು, ಏನೂ ಇಲ್ಲ. ಆಮೇಲೆ ಗೋಡೆ ಕಡೆ ನೋಡಿದಳು. ಸ್ವಿಚ್ಚು ಆಫ್ ಆಗಿತ್ತು.

ಯಾರ ಕೆಲಸ ಅಂತ ಕೇಳುವುದೇ ಬೇಕಿರಲಿಲ್ಲ. ಅಜ್ಜ ತಲೆ ನರೆಯುವವರೆಗೂ ಫೈರ್ ಇಂಜಿನ್ನಿನಲ್ಲಿ ಕೆಲಸ ಮಾಡಿದವರು. ಮಧ್ಯಾಹ್ನ ಎರಡೂವರೆಯ ಚಹಾ ಆದ ಮೇಲೆ ಅವರದೊಂದು ವಾಕಿಂಗ್ ಉಂಟು. ಹೊರಡುವ ಮುಂಚೆ ಇಡೀ ಮನೆ ಸುತ್ತಿ ಒಂದೊಂದೇ ಸ್ವಿಚ್ ಆರಿಸುತ್ತಾರೆ. ಟಕ್, ಟಕ್, ಟಕ್. ಇಸ್ತ್ರಿ ಪೆಟ್ಟಿಗೆಯ ಪ್ಲಗ್ ಕಿತ್ತಿಡುತ್ತಾರೆ. ಗ್ಯಾಸ್ ಮೂಸಿ ನೋಡುತ್ತಾರೆ. ಅವರ ಕೈಯಿಂದ ಬಚಾವಾಗಿರುವುದು ಫ್ರಿಜ್ಜೊಂದೇ. ಅದೂ ಎರಡು ಸಲ ಹಾಲು ಒಡೆದ ಮೇಲೆ, ಅಮ್ಮ ಅದರ ಸ್ವಿಚ್ಚಿಗೆ ಆಸ್ಪತ್ರೆಯ ಬಿಳಿ ಪ್ಲಾಸ್ಟರ್ ಅಂಟಿಸಿದ್ದಕ್ಕೆ.

ಚೂಟಿ ಸ್ವಿಚ್ ಹಾಕಿದಳು. ಬಾಕ್ಸ್ ಕಣ್ಣುಜ್ಜಿಕೊಂಡು ಏಳುವವರಂತೆ ತುಂಬ ಹೊತ್ತು ಮಾಡಿತು. ಕೊನೆಗೆ ಪರದೆಯ ಮೇಲೆ ಬಂತು: 'ರೆಕಾರ್ಡಿಂಗ್ ಆಗಿಲ್ಲ.'

"ಅಜ್ಜಾ!"

ಅಜ್ಜ ಕೈಯಲ್ಲಿ ಚಾಕು ಹಿಡಿದೇ ಓಡಿ ಬಂದರು. "ಏನಾಯ್ತು? ಎಲ್ಲಿ ಬಿದ್ದೆ?"

"ನೀವೇ ಹಾಳು ಮಾಡಿದ್ದು! ಎಲ್ಲಾ ಹಾಳು ಮಾಡಿದ್ರಿ! ಕಂಡಕಂಡ ಸ್ವಿಚ್ ಆರಿಸೋಕೆ ನಿಮಗೇನು ಹುಚ್ಚಾ? ಮನೇಲೇನು ಬೆಂಕಿ ಬಿದ್ದಿತ್ತಾ?"

ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು. ಅಜ್ಜನಿಗೆ ಅವಳು ಯಾವತ್ತೂ ಹಾಗೆ ಅಂದಿರಲಿಲ್ಲ. ಅಜ್ಜ ಗೋಡೆ ನೋಡಿದರು, ಬಾಕ್ಸ್ ನೋಡಿದರು, ಪರದೆಯ ಮೇಲಿನ ಅಕ್ಷರ ಓದಿದರು.

"ನಂಗೆ ಗೊತ್ತಿರ್ಲಿಲ್ಲ ಮಗಾ" ಎಂದರು. ಅಷ್ಟೇ ಹೇಳಿ, ಅಡುಗೆಮನೆಗೆ ಹೋದರು. ಬೀನ್ಸ್ ಹೆಚ್ಚುವ ಸದ್ದು ಮತ್ತೆ ಕೇಳಲಿಲ್ಲ.

ಅಮ್ಮ ಬಂದಾಗ ಚೂಟಿ ಹಾಸಿಗೆಯ ಮೇಲೆ ಬೋರಲು ಮಲಗಿದ್ದಳು. ದಿಂಬು ಒದ್ದೆಯಾಗಿತ್ತು. ಅಮ್ಮ ಪಕ್ಕದಲ್ಲಿ ಕೂತು ಎಲ್ಲ ಕೇಳಿಸಿಕೊಂಡಳು. ಚಾನೆಲ್ಲಿಗೆ ಫೋನ್ ಮಾಡಿದಳು. ಇನ್ನೊಂದು ಸಲ ಹಾಕುವುದಿಲ್ಲವಂತೆ. ಅಮ್ಮ ಫೋನನ್ನು ನಿಧಾನವಾಗಿ ಕೆಳಗಿಟ್ಟಳು. ಅವಳಿಗೂ ಬೇಜಾರಾಗಿದೆ ಅಂತ ಚೂಟಿಗೆ ಗೊತ್ತಾಯಿತು.

"ಕೆಂಪು ಲೈಟ್ ಉರೀತಿರ್ಬೇಕು ಅಂತ ನೀನು ಅಜ್ಜಂಗೆ ಹೇಳಿದ್ಯಾ?" ಅಮ್ಮ ಮೆಲ್ಲಗೆ ಕೇಳಿದಳು.

ಚೂಟಿ ಉದ್ದಜಡೆಗೆ ಹೇಳಿದ್ದಳು. ಇಡೀ ಕ್ಲಾಸಿಗೆ ಹೇಳಿದ್ದಳು. ವಾಚ್‌ಮನ್‌ಗೂ ಹೇಳಿದ್ದಳು. ದಿನಾ ಸ್ವಿಚ್ ಆರಿಸುವ ಅಜ್ಜನಿಗೆ ಮಾತ್ರ ಹೇಳಿರಲಿಲ್ಲ. ಡಿಶ್ ಅಣ್ಣ ಅದನ್ನು ಹೇಳುವಾಗ ಅಜ್ಜ ತಾರಸಿಯ ಮೇಲಿದ್ದರು.

"ಹೋಗ್ಲಿ ಬಿಡು" ಅಮ್ಮ ಎದ್ದಳು. "ಬಾಕ್ಸ್ ನಿದ್ದೆ ಮಾಡಿದ್ರೇನಂತೆ, ಕ್ವಿಜ್ ಆಡಿದವಳು ಇಲ್ಲೇ ಇದ್ದಾಳಲ್ಲ! ಏಳು, ಆಡಿ ತೋರ್ಸು. ಮಾವಾ, ನೀವೂ ಬನ್ನಿ. ಪ್ರಶ್ನೆ ಕೇಳೋರು ಬೇಕು."

ಅಜ್ಜ ಬಾಗಿಲ ಬಳಿ ಹಿಂದೆ ಮುಂದೆ ನೋಡುತ್ತ ನಿಂತರು. ಅಮ್ಮ ಅವರ ಕೈಗೆ ಸೌಟು ಕೊಟ್ಟು, "ಹಿಡೀರಿ, ಮೈಕು" ಎಂದಳು.

ಅಜ್ಜ ಗಂಟಲು ಸರಿ ಮಾಡಿಕೊಂಡರು. "ಟೆಸ್ಟಿಂಗ್, ಟೆಸ್ಟಿಂಗ್. ಮೊದಲನೇ ಪ್ರಶ್ನೆ. ಶಾಲೆಯಿಂದ ಬಂದು ಶೂ ಬಿಚ್ಚದೆ ಇರೋ ಹುಡುಗಿ ಯಾರು?"

ಚೂಟಿಗೆ ಅಳುವಿನ ನಡುವೆಯೇ ನಗು ಬಂತು. ಊಟದ ಮೇಜೇ ಸ್ಟುಡಿಯೋ ಆಯಿತು, ಮುಚ್ಚಿದ ಸಾಂಬಾರ್ ಡಬ್ಬಿಯೇ ಬಜರ್ ಆಯಿತು. ಎಲ್ಲೆಲ್ಲಿ ಲೈಟಿತ್ತು, ಕ್ಯಾಮೆರಾ ಎಲ್ಲಿತ್ತು, ಎದುರು ಟೀಮಿನ ಹುಡುಗ ಹೇಗೆ ಮೂಗು ಕೆರೆಯುತ್ತಿದ್ದ, ಎಲ್ಲ ತೋರಿಸಿದಳು. ಆಮೇಲೆ ಅಜ್ಜನ ಹತ್ತಿರ ಹೋಗಿ, ಅವರ ಕಿವಿಯಲ್ಲಿ ಆ ಪ್ರಶ್ನೆ ಹೇಳಿದಳು.

ಅಜ್ಜ ಸೌಟನ್ನು ಬಾಯಿಗೆ ಹಿಡಿದು ಕೇಳಿದರು: "ಚಿಟ್ಟೆ ಯಾವುದರಿಂದ ರುಚಿ ನೋಡುತ್ತೆ?"

ಅಮ್ಮನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

ಚೂಟಿ ಡಬ್ಬಿಯನ್ನು ಢಬ್ಬೆಂದು ಹೊಡೆದಳು. "ಕಾಲಿನಿಂದ!"

"ಅದು... ಅದು ನಾನು ಹೇಳಿದ್ದಲ್ವೇನೇ?" ಎಂದಳು ಅಮ್ಮ. "ಆಸ್ಪತ್ರೆಲಿ ಯಾರೋ ಬಿಟ್ಟು ಹೋದ ಮ್ಯಾಗಜೀನಲ್ಲಿ ಓದಿ... ಬಸ್ಸಲ್ಲಿ ಬರ್ತಾ ಹೇಳಿದ್ದೆ. ನೀನು ಕಿಟಕಿ ಆಚೆ ನೋಡ್ತಿದ್ದೆ. ಕೇಳಿಸ್ಕೊಂಡೇ ಇಲ್ಲ ಅಂದ್ಕೊಂಡಿದ್ದೆ."

"ಕೇಳಿಸ್ಕೊಂಡಿದ್ದೆ. ಒಂದು ಕೈಲಿ ಬಜರ್ ಒತ್ತಿದೆ, ಗೊತ್ತಾಮ್ಮಾ? ಇನ್ನೊಂದು ಕೈಲಿ ಮೇಜಿನ ಕೆಳಗೆ ಉದ್ದಜಡೆ ಕೈ ಹಿಡ್ಕೊಂಡಿದ್ದೆ. ಅದು ಟಿ.ವಿ.ಲಿ ಕಾಣ್ತಿರ್ಲಿಲ್ಲ ಬಿಡು."

ಅಮ್ಮ ಅನ್ನದ ಕೈಯಲ್ಲೇ ಅವಳನ್ನು ಹತ್ತಿರ ಎಳೆದುಕೊಂಡಳು. ಚೂಟಿ ಒಂದು ತಿಂಗಳು ಕಾದಿದ್ದ ಮುಖ ಅದೇ. ಆದರೆ ಅಷ್ಟು ಹತ್ತಿರ ಎಳೆದುಕೊಂಡಿದ್ದರಿಂದ ಸರಿಯಾಗಿ ನೋಡಲಿಕ್ಕೇ ಆಗಲಿಲ್ಲ.

ಅಜ್ಜ ಸೌಟು ಹಿಡಿದು ಜೋರಾಗಿ ನಕ್ಕರು. ಆದರೆ ಚೂಟಿಯ ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ.

ಮಲಗುವ ಮುಂಚೆ ಅಮ್ಮ ಬಾಕ್ಸಿನ ಸ್ವಿಚ್ಚಿಗೂ ಬಿಳಿ ಪ್ಲಾಸ್ಟರ್ ಅಂಟಿಸಿದಳು. ಅಂಟಿಸುತ್ತ, "ಕೆಲಸದಲ್ಲಿದ್ದಾಗ ಅಜ್ಜ ಒಂದು ಮನೆಗೆ ಬೆಂಕಿ ಆರಿಸೋಕೆ ಹೋಗಿದ್ರಂತೆ. ಆ ಮನೆಯವ್ರು ಟಿ.ವಿ. ಆರಿಸದೆ ಅಂಗಡಿಗೆ ಹೋಗಿದ್ರು, ಅಷ್ಟೇ. ಮುಂದೇನಾಯ್ತು ಅಂತ ಅಜ್ಜ ಇವತ್ತಿನವರೆಗೂ ಹೇಳಿಲ್ಲ" ಎಂದಳು.

ಶನಿವಾರ ಅರ್ಧ ದಿನದ ಶಾಲೆ. ಮಧ್ಯಾಹ್ನ ಕ್ಲಾಸಿನವರು ಯಾರೂ ಬರಲಿಲ್ಲ. ರೆಕಾರ್ಡಿಂಗ್ ಇಲ್ಲವೆಂದು ಚೂಟಿಯೇ ಎಲ್ಲರಿಗೂ ಹೇಳಿ, ಸಾಕಷ್ಟು ತಮಾಷೆ ಮಾಡಿಸಿಕೊಂಡು ಬಂದಿದ್ದಳು. ಅವಳು ಹೋಮ್‌ವರ್ಕ್ ಹರಡಿಕೊಂಡು ಕೂತಿದ್ದಾಗ ಅಜ್ಜ ವಾಕಿಂಗಿಗೆ ಹೊರಟರು. ಟಕ್, ಟಕ್, ಟಕ್. ಟಿ.ವಿ. ಮೂಲೆಗೆ ಬಂದಾಗ ಸದ್ದು ನಿಂತಿತು.

"ಮನೇಲಿ ನೀನೊಬ್ಳೇ ಇರ್ತೀಯಲ್ಲ ಮಗಾ" ಎಂದರು ಅಜ್ಜ.

"ಹೂಂ, ಹೋಮ್‌ವರ್ಕ್ ಇದೆ."

ಅಜ್ಜ ಪ್ಲಾಸ್ಟರ್ ನೋಡಿದರು. ಮುಟ್ಟದೆ ಹೊರಗೆ ಹೋದರು. ಗೇಟು ಕಿರ್ ಎಂದಿತು. ಒಂದು ಲೆಕ್ಕ ಮುಗಿಯುವುದರೊಳಗೆ ಗೇಟು ಮತ್ತೆ ಕಿರ್ ಎಂದಿತು.

"ಏನಜ್ಜಾ?"

"ಏನಿಲ್ಲ, ಕರ್ಚೀಫ್ ಮರೆತೆ." ಕರ್ಚೀಫ್ ಅವರ ಕೈಯಲ್ಲೇ ಇತ್ತು. ಅಜ್ಜ ಟಿ.ವಿ. ಮೂಲೆಗೆ ಹೋಗಿ, ಬಾಕ್ಸಿನ ಮೇಲೆ ಅಂಗೈ ಇಟ್ಟು ಬಿಸಿ ನೋಡಿ, ಹೊರಟರು.

ಇನ್ನೊಂದು ಲೆಕ್ಕ ಮುಗಿಯಲಿಲ್ಲ, ಮತ್ತೆ ಬಂದರು. "ಬಿಸಿಲಿದೆ, ಕೊಡೆ ತಗೊಳ್ತೀನಿ" ಎಂದರು. ಕೊಡೆ ಬಾಗಿಲ ಹಿಂದಿತ್ತು. ಅಜ್ಜ ಹೋದದ್ದು ಮತ್ತೆ ಟಿ.ವಿ. ಮೂಲೆಗೇ.

ಚೂಟಿ ಪೆನ್ಸಿಲ್ ಕೆಳಗಿಟ್ಟಳು. ಅಜ್ಜ ಜಗಲಿಯಲ್ಲಿ ಕೂತು, ಬಿಚ್ಚಿದ್ದ ಚಪ್ಪಲಿಯನ್ನು ಮತ್ತೆ ಹಾಕಿಕೊಳ್ಳುತ್ತಿದ್ದರು. ಬೆನ್ನು ಇತ್ತ ಕಡೆ ಇತ್ತು. ಒಂದು ಚಪ್ಪಲಿ ಹಾಕಲು ಅಷ್ಟು ಹೊತ್ತು ಬೇಕಿರಲಿಲ್ಲ. ಮೊನ್ನೆ ತಾನು ಕೂಗಿದ ಮಾತು ಚೂಟಿಗೆ ನೆನಪಾಯಿತು.

ಅವಳು ಎದ್ದು ರಿಮೋಟ್ ಒತ್ತಿ ನೋಡಿದಳು. ಇವತ್ತು ರೆಕಾರ್ಡ್ ಮಾಡುವಂಥದ್ದೇನೂ ಇರಲಿಲ್ಲ. ಅಪ್ಪನ ಮ್ಯಾಚ್ ಇದ್ದದ್ದು ನಾಳೆ. ಉಗುರಿನಿಂದ ಪ್ಲಾಸ್ಟರಿನ ಅಂಚು ಎಬ್ಬಿಸಿ, ಹರಿಯದಂತೆ ಮೆಲ್ಲಗೆ ಬಿಡಿಸಿಕೊಂಡಳು. ಜಗಲಿಗೆ ಕೇಳುವಷ್ಟು ಜೋರಾಗಿ ಸ್ವಿಚ್ ಒತ್ತಿದಳು.

ಟಕ್.

ಅಜ್ಜನ ಕೈ ಚಪ್ಪಲಿಯ ಮೇಲೆ ನಿಂತಿತು. ಅವರು ತಿರುಗಿ ನೋಡಲಿಲ್ಲ. ಎದ್ದರು, ಕರ್ಚೀಫನ್ನು ಹೆಗಲಿಗೆ ಹಾಕಿಕೊಂಡರು. ಗೇಟು ಕಿರ್ ಎಂದಿತು.

ಚೂಟಿ ನಾಳೆಗೆ ಬೇಕಾಗುತ್ತದೆಂದು ಪ್ಲಾಸ್ಟರನ್ನು ರಿಮೋಟಿನ ಬೆನ್ನಿಗೆ ಅಂಟಿಸಿದಳು. ಕೆಂಪು ದೀಪ ಆರಿತ್ತು. ಕಿಟಕಿಯ ಹತ್ತಿರ ನಿಂತು ಕಿವಿಗೊಟ್ಟಳು. ಚಪ್ಪಲಿ ಸದ್ದು ಬೀದಿಯ ತಿರುವಿನವರೆಗೆ ಹೋಯಿತು. ಅಲ್ಲಿ ನಿಲ್ಲದೆ ಮುಂದೆ ಹೋಯಿತು.