ಏಳು ನಮಸ್ಕಾರದಷ್ಟು ದೂರ

"ಕಲ್ಲು ಇಟ್ಟೆಯಾ, ಲಾಲಿ?"

"ಇಟ್ಟೆ ಬಾಬಾ. ಏಳಿ."

ರಸ್ತೆ ಬದಿಯ ಮಣ್ಣಿನಲ್ಲಿ ಉದ್ದಕ್ಕೆ ಮಲಗಿದ್ದ ತಾತ ಮೊಣಕೈ ಊರಿ ಎದ್ದರು. ಅವರ ಬೆರಳ ತುದಿ ತಾಕಿದಲ್ಲಿ, ಅವರು ಮುದ್ದಿನಿಂದ ಲಾಲಿ ಎಂದು ಕರೆಯುವ ಮೊಮ್ಮಗಳು ಗುಂಜನ್ ಒಂದು ಕಲ್ಲು ಇಟ್ಟಿದ್ದಳು. ತಾತ ಅಲ್ಲಿಗೆ ಹೋಗಿ ನಿಂತರು. "ರಾಧೇ ರಾಧೇ" ಎಂದು ಕೈಮುಗಿದು ಮತ್ತೆ ಮಲಗಿದರು.

ಹೀಗೆಯೇ, ಗಿರಿರಾಜ ಎಂದು ಜನ ಪೂಜಿಸುವ ಗೋವರ್ಧನ ಬೆಟ್ಟದ ಸುತ್ತ ಇಪ್ಪತ್ತೊಂದು ಕಿಲೋಮೀಟರ್! ತಾತನ ಒಂದು ನಮಸ್ಕಾರವನ್ನು ಗುಂಜನ್ ಟೇಪ್ ಹಿಡಿದು ಅಳೆದಿದ್ದಳು. ಎರಡು ಮೀಟರ್, ಹತ್ತು ಸೆಂಟಿಮೀಟರ್. ಅಂದರೆ ಹತ್ತು ಸಾವಿರ ಸಲ ಮಲಗಿ ಏಳಬೇಕು. ಇವತ್ತು ಒಂಬತ್ತನೇ ದಿನ. ನಾಳೆ ಮುಗಿಯುತ್ತದೆ.

ಆದರೆ ಮುಂದೆ ಯಾರೋ ಜಲ್ಲಿ ಚೆಲ್ಲಿದ್ದರು. ತಾತನ ಮೊಣಕಾಲಿಗೆ ಕಟ್ಟಿದ್ದ ಸೈಕಲ್ ಟ್ಯೂಬ್ ಹರಿದು ರಕ್ತ ಜಿನುಗುತ್ತಿತ್ತು.

ಟೀ ಅಂಗಡಿಯ ಬಿರ್ಮಾ ಚಾಚಿ ನೀರು ಕೊಟ್ಟಳು. "ಏನ್ ಬಾಬಾ, ಮಂಡಿ ಗಿರಿರಾಜನಿಗೇ ಕೊಟ್ಬಿಡ್ತೀರಾ? ಮನೆಗೆ ಹೋಗೋಕೆ ಬೇಡ್ವಾ?"

"ಕೊಟ್ಟಿದ್ದೇ ಅವನು. ಬೇಕಿದ್ರೆ ಇಟ್ಕೊಳ್ಲಿ ಬಿಡು" ಎಂದು ತಾತ ನಕ್ಕರು.

ಗುಂಜನ್‌ಗೆ ನಗು ಬರಲಿಲ್ಲ. ತಾತ ಅತ್ತ ತಿರುಗಿ ನೀರು ಕುಡಿಯುತ್ತಿದ್ದಾಗ ಕಲ್ಲನ್ನು ಎತ್ತಿಕೊಂಡಳು. ಜಲ್ಲಿ ದಾಟಿ ಓಡಿ, ಆಚೆ ಇಟ್ಟುಬಿಟ್ಟಳು.

"ಎಲ್ಲಿದೆ ಕಲ್ಲು?"

"ಇಲ್ಲಿ ಬಾಬಾ."

ತಾತನ ಕಣ್ಣಿಗೆ ಪೊರೆ ಬಂದಿತ್ತು. ಅವಳ ದನಿ ಹಿಡಿದು ಬಂದರು, ಏನೂ ಕೇಳದೆ ಅಲ್ಲೇ ನಮಸ್ಕಾರ ಮಾಡಿದರು. ಮತ್ತೆ ಇನ್ನೊಂದು.

"ನೀನಿದ್ದೀಯ ಅಂತ ನಾನು ಕಣ್ಣು ಮುಚ್ಕೊಂಡೇ ಹೋಗ್ತಿದ್ದೀನಿ ನೋಡು" ಎಂದರು ಏಳುತ್ತಾ.

ಗುಂಜನ್ ಅವರ ತೋಳು ಹಿಡಿದಳು. "ಬಾಬಾ, ನಾನು ಮೋಸ ಮಾಡ್ದೆ. ಕಲ್ಲು ಮುಂದಕ್ಕೆ ಇಟ್ಟೆ."

ತಾತ ಅವಳ ಕಡೆ ತಿರುಗಿದರು. "ಎಷ್ಟು?"

"ನಿಮ್ಮ ಏಳು ನಮಸ್ಕಾರದಷ್ಟು. ನಿಮಗೆ ನೋವಾಗ್ತಿತ್ತಲ್ಲ... ಗಿರಿರಾಜ ಸಿಟ್ಟಾಗ್ತಾನಾ?"

"ಅವನಿಗೆಂಥ ಸಿಟ್ಟು? ಊರಿನ ಬೆಣ್ಣೆ ಎಲ್ಲಾ ಕದ್ದವನು. ನೀನು ಕದ್ದಿದ್ದು ಬರೀ ಏಳು!" ತಾತ ಅವಳ ತಲೆ ನೇವರಿಸಿದರು. "ಆದ್ರೆ ಅಲ್ಲಿನ ಮಣ್ಣಿಗೆ ಹಣೆ ಹಚ್ಚಿಲ್ವಲ್ಲ ಲಾಲಿ. ನನಗೇ ಸಮಾಧಾನ ಇಲ್ಲ."

ಕುಂಟುತ್ತಾ ಅವರು ಹಿಂದಕ್ಕೆ ಹೊರಟರು.

ಗುಂಜನ್ ಅವರಿಗಿಂತ ಮೊದಲೇ ಓಡಿದಳು. ಮಂಡಿಯೂರಿ ಕುಳಿತು ಎರಡೂ ಕೈಯಲ್ಲಿ ಜಲ್ಲಿ ಸರಿಸತೊಡಗಿದಳು. ಬೆರಳು ತರಚಿತು. ಚಾಚಿ ಟೀ ಸೌಟು ಬಿಟ್ಟು ಪೊರಕೆ ಹಿಡಿದು ಬಂದಳು. "ಸರಿ ಸರಿ, ಗಿರಿರಾಜನ ಇಂಜಿನಿಯರಮ್ಮ!"

ದಾರಿ ನುಣುಪಾಯಿತು. ಹಳೆಯ ಜಾಗದಲ್ಲಿ ತಾತ ನಿಂತರು. ಗುಂಜನ್ ಅವರ ಪಕ್ಕಕ್ಕೆ ಬಂದಳು.

"ಬಾಬಾ, ಮೊದಲು ನಂದೊಂದು."

ಅವಳು ಉದ್ದಕ್ಕೆ ಮಲಗಿ ಕೈ ಚಾಚಿದಳು. ಮಣ್ಣು ಬೆಚ್ಚಗಿತ್ತು. ಮೂಗಿನ ಹತ್ತಿರ ಒಂದು ಇರುವೆ ಹೋಗುತ್ತಿತ್ತು. ಅವಳು ಕಣ್ಣು ಮುಚ್ಚಿದಳು. ತಾತ ನಿಧಾನವಾಗಿ ಬಗ್ಗಿದ ಸದ್ದು ಕೇಳಿಸಿತು.

"ಕಲ್ಲು ಇಟ್ರಾ ಬಾಬಾ?"

"ಇಟ್ಟೆ. ಏಳು."

ಎಲ್ಲಿಟ್ಟರು ಎಂದು ನೋಡದೆಯೇ ಗುಂಜನ್ ಎದ್ದಳು.