ಕಿಟಕಿಗೆ ಸರಿದ ಕಲ್ಲಿನ ಮೇಜು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ಓದಿದವಳು ನಾನು. ಪ್ರೇಮದ ಬಗ್ಗೆ ಬರೆಯಲು ಕೂತರೆ ಒಂದೊಂದು ಸಾಲನ್ನೂ ಎರಡೆರಡು ಸಲ ಹೊಡೆದು ಹಾಕುತ್ತೇನೆ. ಆದರೂ ಇದನ್ನು ಹೇಳದೆ ಇರಲಾಗಲಿಲ್ಲ. ತಪ್ಪೇನಾದರೂ ಇದ್ದರೆ ನನ್ನದು, ಚೆಂದ ಇದ್ದರೆ ಅವರಿಬ್ಬರದು.

"ಅಯ್ಯೋ! ಅದನ್ನ ಮೇಜಿನ ಮೇಲೆ ಇಡಬೇಡಿ!"

ಅವಳ ಕೂಗಿಗೆ ಅವನು ಅಳತೆ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟ. ಕೈಯಲ್ಲಿ ಅಂಗೈಯಗಲದ ಸ್ಟೀಲ್ ರಿಂಗ್. ಯೂನಿವರ್ಸಿಟಿಯ ಸಂಶೋಧನಾ ಕೇಂದ್ರದಿಂದ ಈ ಬೇರಿಂಗ್ ಕಾರ್ಖಾನೆಗೆ ಅವನು ಬಂದ ಮೊದಲ ದಿನ ಅದು.

"ಬರೀ ಅಳತೆ ಮಾಡಿಸೋಣ ಅಂತ..."

"ಮಷೀನಿನಿಂದ ತೆಗೆದು ಬಿಸಿಬಿಸಿಯಾಗಿ ಅಂಗೈಯಲ್ಲಿ ಹಿಡ್ಕೊಂಡು ಬಂದಿದ್ದೀರಲ್ಲ! ಬಿಸಿಗೆ ಸ್ಟೀಲ್ ಹಿಗ್ಗುತ್ತೆ. ಕೂದಲಿನ ದಪ್ಪದಲ್ಲಿ ಹತ್ತನೇ ಒಂದು ಪಾಲು ವ್ಯತ್ಯಾಸ ಬಂದ್ರೂ ಇಲ್ಲಿ ಫೇಲು. ಯೂನಿವರ್ಸಿಟಿಯಲ್ಲಿ ಇದನ್ನ ಹೇಳಿಕೊಡಲ್ವಾ?"

ಅವನ ಕಿವಿ ಕೆಂಪಾಯಿತು.

"ಹೇಳಿಕೊಡ್ತಾರೆ. ನಾನೇ ಹೇಳಿಕೊಡ್ತೀನಿ..."

ಅವಳಿಗೆ ನಗು ತಡೆಯಲಾಗಲಿಲ್ಲ. "ಸರಿ ಮೇಷ್ಟ್ರೇ, ಆ ಕಡೆ ಇಡಿ. ಆರೋಕೆ ಒಂದು ಗಂಟೆ ಬೇಕು."

"ಅಲ್ಲಿವರೆಗೂ ನಾನು?"

"ನೀವೂ ಆರಿ!"

ಅವನು ನಿಜವಾಗಿಯೂ ಸ್ಟೂಲ್ ಎಳೆದುಕೊಂಡು ಒಂದು ಗಂಟೆ ಕೂತ. ಅಂದಿನಿಂದ ಕಾರ್ಖಾನೆಗೆಲ್ಲ ಅವನು 'ಮೇಷ್ಟ್ರು' ಆದ. ಅವಳಿಗೆ ಮೊದಲಿನಿಂದಲೂ 'ಮೈಕ್ರಾನ್' ಅಂತ ಹೆಸರು, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಕೂದಲೆಳೆಯಷ್ಟು ತಪ್ಪನ್ನೂ ಬಿಡದವಳಲ್ಲವೇ!

ಆ ರಿಂಗುಗಳು ಅಷ್ಟು ದಿನ ಹೊರದೇಶದಿಂದ ಬರುತ್ತಿದ್ದವು. ಇಲ್ಲೇ ಮಾಡಬಹುದು ಎಂದು ತೋರಿಸುವುದು ಯೂನಿವರ್ಸಿಟಿ ಮತ್ತು ಕಾರ್ಖಾನೆ ಸೇರಿ ಹಿಡಿದ ಕೆಲಸ. ವಿನ್ಯಾಸ ಮೇಷ್ಟ್ರದು. ಗ್ರೈಂಡಿಂಗ್ ಮಷೀನಿನಲ್ಲಿ ಉಜ್ಜಿ ತೆಗೆಯುವವರು ಅವಳ ದೊಡ್ಡಪ್ಪ. ಪಾಸೋ ಫೇಲೋ ಹೇಳುವವಳು ಅವಳು. ಇನ್ನೂರು ರಿಂಗುಗಳ ಪರೀಕ್ಷೆ ಗೆದ್ದರೆ ಇಲ್ಲೇ ಹೊಸ ವಿಭಾಗ. ಸೋತರೆ ಎಲ್ಲ ಮೊದಲಿನಂತೆ, ಮೇಷ್ಟ್ರೂ ವಾಪಸ್ಸು.

ಅವನು ದಿನಾ ಮಧ್ಯಾಹ್ನ ಮೂರಕ್ಕೆ ಬರುತ್ತಿದ್ದ. ಅವಳ ಕಿವಿ ಎರಡೂವರೆಗೇ ಬಾಗಿಲಿನ ಕಡೆ ತಿರುಗುತ್ತಿತ್ತು!

'ಛೆ, ನನಗೇನಾಗಿದೆ? ಅಳತೆ ನೋಡೋ ಕೆಲಸ ಬಿಟ್ಟು ಹೆಜ್ಜೆ ಸದ್ದು ಕೇಳ್ತಾ ಕೂತಿದ್ದೀನಲ್ಲ...'

ಒಂದು ಸೋಮವಾರ ಅವಳು ದೊಡ್ಡಪ್ಪನ ಬಳಿ ಹೋದಳು. "ದೊಡ್ಡಪ್ಪ, ಆ ಮೂಲೆಯಲ್ಲಿ ಕಣ್ಣು ನೋಯುತ್ತೆ. ನನ್ನ ಮೇಜನ್ನ ಕಿಟಕಿ ಹತ್ತಿರ ಸರಿಸಿಕೊಡ್ತೀರಾ?"

"ಕಲ್ಲಿನ ಮೇಜಮ್ಮಾ ಅದು! ನಾಲ್ಕು ಜನರ ಸೊಂಟ ಹೋಗುತ್ತೆ."

"ನೀವು ಮನಸ್ಸು ಮಾಡಿದ್ರೆ..."

"ಬೆಣ್ಣೆ ಹಚ್ಚಬೇಡ," ಎಂದರೂ ದೊಡ್ಡಪ್ಪ ಜಾಕ್ ತಂದು ಸರಿಸಿಯೇ ಕೊಟ್ಟರು.

ಪರೀಕ್ಷೆಯ ರಿಂಗುಗಳು ಬರತೊಡಗಿದ್ದು ಮರುದಿನದಿಂದಲೇ. ಬೆಳಿಗ್ಗೆ ಉಜ್ಜಿದ್ದನ್ನು ಚೆನ್ನಾಗಿ ಆರಲು ಬಿಟ್ಟು ಮೂರರ ನಂತರ ಅವಳು ಅಳೆದಳು. ಅಳತೆಯ ಗೇಜಿನಲ್ಲಿ ಕರಾರುವಾಕ್ಕು ಅಳತೆಯ ಮಾದರಿಯಾದ ಮಾಸ್ಟರ್ ರಿಂಗ್ ಇಟ್ಟು ಮುಳ್ಳನ್ನು ಸೊನ್ನೆಗೆ ತಂದುಕೊಂಡು, ಹೊಸದನ್ನು ಅದರೊಂದಿಗೆ ಹೋಲಿಸಿ ನೋಡುವುದು ಅವಳ ಕೆಲಸ.

ಚಿಕ್ಕದು. ಫೇಲು.

ಇನ್ನೊಂದು... ಚಿಕ್ಕದು. ಮತ್ತೊಂದು... ಅದೂ ಚಿಕ್ಕದು!

ಬುಧವಾರದ ಹೊತ್ತಿಗೆ ನೂರಾ ಹನ್ನೆರಡು ಫೇಲು. ದೊಡ್ಡಪ್ಪನ ಕೈಯಿಂದ ಬಂದ ಒಂದೊಂದು ರಿಂಗಿಗೂ ಅವಳೇ ಫೇಲಿನ ಕೆಂಪು ಬಣ್ಣ ಹಚ್ಚಬೇಕಾಯಿತು.

"ಮೂವತ್ತು ವರ್ಷದಲ್ಲಿ ಹೀಗಾಗಿರಲಿಲ್ಲ ಕಣಮ್ಮಾ," ಎಂದರು ದೊಡ್ಡಪ್ಪ, ಮೆಲ್ಲಗೆ. "ನನ್ನ ಕೈಯೇ ಕೆಟ್ಟಿತೋ ಏನೋ."

ಆ ಮಾತು ಅವಳ ಎದೆಗೆ ನಾಟಿತು. ಆದರೆ ಗೇಜ್ ಸುಳ್ಳು ಹೇಳುತ್ತದೆಯೇ?

ಗುರುವಾರ ಮಧ್ಯಾಹ್ನ ಮ್ಯಾನೇಜರ್ ಮೇಜಿನ ಮೇಲೆ ಮೇಷ್ಟ್ರ ಟಿಪ್ಪಣಿ ಅವಳ ಕಣ್ಣಿಗೆ ಬಿತ್ತು. 'ದೋಷ ಮಷೀನಿನದಲ್ಲ. ಅಳತೆ ಕೋಣೆಯದು.'

ಅಳತೆ ಕೋಣೆ ಅಂದರೆ ಅವಳೇ! ಅಲ್ಲಿ ಇನ್ಯಾರಿದ್ದಾರೆ?

'ತನ್ನ ವಿನ್ಯಾಸ ಉಳಿಸಿಕೊಳ್ಳೋಕೆ ನನ್ನ ತಲೆಗೆ ಕಟ್ಟಿದನಾ? ದಿನಾ ಎದುರಿಗೆ ಕೂತು ನಗ್ತಿದ್ದವನು...'

ಕಣ್ಣು ತುಂಬಿ ಬಂತು. ಮೂರಕ್ಕೆ ಅವನು ಬಂದಾಗ ಅವಳು ತಲೆಯೆತ್ತಲಿಲ್ಲ.

"ಸ್ವಲ್ಪ ಮಾತಾಡಬೇಕಿತ್ತು..."

"ಮಾತಾಡೋದೇನಿದೆ? ಬರೆದಾಗಿದೆಯಲ್ಲ. ಮೈಕ್ರಾನಿಗೆ ಅಳೆಯೋಕೆ ಬರಲ್ಲ ಅಂತ!"

"ಹಾಗೆಲ್ಲಿ ಬರೆದೆ?" ಅವನು ಗಾಬರಿಯಾದ. "ಫೇಲಾದ ಇಪ್ಪತ್ತು ರಿಂಗ್ ನಮ್ಮ ಲ್ಯಾಬಿನಲ್ಲಿ ಅಳೆದೆ. ಇಪ್ಪತ್ತೂ ಸರಿಯಾಗಿವೆ. ನಿಮ್ಮ ಕೈ ಬಗ್ಗೆ ನನಗೆ ಅನುಮಾನವೇ ಇಲ್ಲ. ಅದಕ್ಕೇ ಕೋಣೆ ಅಂತ ಬರೆದೆ, ನಿಮ್ಮ ಹೆಸರು ಬರೆಯಲಿಲ್ಲ."

ಇಪ್ಪತ್ತೂ ಸರಿ? ಅವಳ ಸಿಟ್ಟಿನ ಜಾಗಕ್ಕೆ ಭಯ ಬಂತು.

ಅವನು ಮಾಸ್ಟರ್ ರಿಂಗನ್ನು ಅವಳ ಅಂಗೈಯಲ್ಲಿಟ್ಟ. ಇನ್ನೊಂದು ಅಂಗೈಯಲ್ಲಿ ಹೊಸ ರಿಂಗ್.

ಮಾಸ್ಟರ್ ಬೆಚ್ಚಗಿತ್ತು!

ಅವಳು ತಿರುಗಿ ನೋಡಿದಳು. ಮೂರು ಗಂಟೆಯ ಬಿಸಿಲು ಕಿಟಕಿಯಿಂದ ಇಳಿದು, ಮೇಜಿನ ಮೇಲೆ ಸರಿಯಾಗಿ ಮಾಸ್ಟರ್ ಇಡುವ ಜಾಗದಲ್ಲಿ ಚೌಕವಾಗಿ ಬಿದ್ದಿತ್ತು. ಗೋಡೆಯ ಥರ್ಮಾಮೀಟರ್ ಮಾತ್ರ ದೂರದ ಮೂಲೆಯಲ್ಲಿ ಎಲ್ಲ ಸರಿಯಿದೆ ಎಂದು ತೋರಿಸುತ್ತಿತ್ತು. ಮಾಸ್ಟರೇ ಹಿಗ್ಗಿದ್ದರೆ, ಸರಿಯಾದ ರಿಂಗೂ ಚಿಕ್ಕದಾಗಿ ಕಾಣದೆ ಇನ್ನೇನು!

"ಅಯ್ಯೋ ದೇವರೇ... ನಿಮಗೆ ಪಾಠ ಹೇಳಿದವಳು ನಾನು!"

ಅವನು ನಗಲಿಲ್ಲ. ಜೇಬಿನಿಂದ ಒಂದು ಹಾಳೆ ತೆಗೆದ. ಅದನ್ನು ನೋಡಿ ಅವಳ ಜೀವ ಹಾರಿತು. ಕಾರ್ಖಾನೆಯ 'ಯಾಕೆ ಹಾಳೆ'! ಏನು ಕೆಟ್ಟರೂ ಐದು ಸಲ 'ಯಾಕೆ' ಎಂದು ಕೇಳಿ ಉತ್ತರ ಬರೆಯಬೇಕು. ಮೇಲುಮೇಲಿನ ಉತ್ತರ ನಡೆಯುವುದಿಲ್ಲ.

"ರಿಂಗುಗಳು ಯಾಕೆ ಫೇಲಾದವು?"

"ಗೇಜ್ ಚಿಕ್ಕದು ಅಂತ ತೋರಿಸಿತು."

"ಯಾಕೆ?"

"ಮಾಸ್ಟರ್ ಹಿಗ್ಗಿತ್ತು."

"ಯಾಕೆ?"

"ಬಿಸಿಲು ಬಿತ್ತು."

"ಯಾಕೆ?"

"ಮೇಜು... ಕಿಟಕಿ ಹತ್ತಿರ ಬಂದಿತ್ತು."

ಪೆನ್ನು ಐದನೇ ಸಾಲಿಗೆ ಬಂತು.

"ಮೇಜು ಯಾಕೆ ಕಿಟಕಿ ಹತ್ತಿರ ಬಂತು?"

ಕಣ್ಣು ನೋವು ಎನ್ನಬಹುದಿತ್ತು. ಆದರೆ ದೊಡ್ಡಪ್ಪನ ನೂರಾ ಹನ್ನೆರಡು ರಿಂಗಿಗೆ ಕೆಂಪು ಹಚ್ಚಿದ ಕೈ ಇದು... ಇನ್ನೊಂದು ಸುಳ್ಳಿಗೆ ಅದು ಒಪ್ಪಲಿಲ್ಲ.

"ಅಲ್ಲಿಂದ ಗೇಟ್ ಕಾಣುತ್ತೆ," ಎಂದಳು, ನೆಲ ನೋಡುತ್ತ.

"ಗೇಟಿನಲ್ಲಿ ಏನಿದೆ?"

"ಆರನೇ ಯಾಕೆ ಹಾಳೆಯಲ್ಲಿ ಇಲ್ಲ!"

"ನನಗೋಸ್ಕರ ಕೇಳ್ತಿದ್ದೀನಿ."

"...ಮೂರು ಗಂಟೆಗೆ ನೀವು ಬರ್ತೀರಿ."

ಅವನ ಕಿವಿ ಮೊದಲ ದಿನದಂತೆ ಕೆಂಪಾಗಿತ್ತು.

"ಒಂದು ಹೇಳ್ಲಾ? ನಮ್ಮ ಲ್ಯಾಬಿನಿಂದ ಹಿಂದಿನ ಗೇಟೇ ಹತ್ತಿರ. ಸೋಮವಾರ ನಿಮ್ಮ ಮೇಜು ಕಿಟಕಿಗೆ ಬಂದದ್ದು ನೋಡಿದೆ, ಮಂಗಳವಾರದಿಂದ ಸುತ್ತಿ ಬಳಸಿ ಮುಂದಿನ ಗೇಟಿಗೆ ಬರ್ತಿದ್ದೀನಿ. ಕಿಟಕಿಯಲ್ಲಿ ಒಬ್ಬರು ಕೂತಿರ್ತಾರೆ ಅಂತ."

"ಹಾಗಾದ್ರೆ... ಅದನ್ನೂ ಹಾಳೆಯಲ್ಲಿ ಬರೀರಿ!" ಅಳುತ್ತಲೇ ನಕ್ಕಳು ಅವಳು.

ಆ ಸಂಜೆಯೇ ದೊಡ್ಡಪ್ಪ ಮತ್ತೆ ಜಾಕ್ ತಂದರು. ಮೇಜು ಮೂಲೆಗೆ ಮರಳಿತು. ಅವಳು ಅವರ ಮುಂದೆ ನಿಂತು, "ನಿಮ್ಮ ಕೈ ಕೆಟ್ಟಿಲ್ಲ ದೊಡ್ಡಪ್ಪ, ಕೆಟ್ಟಿದ್ದು ನನ್ನ ಬುದ್ಧಿ," ಎಂದಳು.

ಅವರು ಸೊಂಟ ಹಿಡಿದುಕೊಂಡು ಅವನನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. "ಇನ್ನೊಂದು ಸಲ ಕಣ್ಣು ನೋವು ಬಂದ್ರೆ ಮೇಜು ಬಿಟ್ಟು ಮೇಷ್ಟ್ರನ್ನ ಸರಿಸಿಕೋ. ಅವರು ಹಗುರ ಇದ್ದಾರೆ."

ಶುಕ್ರವಾರ ಎಲ್ಲರೆದುರು ಇನ್ನೂರನ್ನೂ ಹೊಸದಾಗಿ ಅಳೆದಳು. ನೂರಾ ತೊಂಬತ್ತಾರು ಪಾಸ್! ಮ್ಯಾನೇಜರ್ ಹೊಸ ವಿಭಾಗಕ್ಕೆ ಅಲ್ಲೇ ಸಹಿ ಹಾಕಿದರು. ದೊಡ್ಡಪ್ಪ ಒಂದು ರಿಂಗನ್ನು ಬಟ್ಟೆಯಲ್ಲಿ ಒರೆಸುತ್ತಲೇ ಇದ್ದರು, ಒರೆಸುತ್ತಲೇ ಇದ್ದರು...

ಎಲ್ಲರೂ ಹೋದ ಮೇಲೆ ಅವನು ಮೂಲೆಯ ಮೇಜಿನ ಪಕ್ಕಕ್ಕೆ ಸ್ಟೂಲ್ ಎಳೆದುಕೊಂಡ.

"ಇಲ್ಲಿಂದ ಗೇಟ್ ಕಾಣಲ್ವಲ್ಲ?"

"ಗೇಟ್ ಯಾಕೆ? ನೇರ ಒಳಗೆ ಬನ್ನಿ. ಬರುವಾಗ ಒಂದು ಬಿಸಿ ರಿಂಗ್ ತನ್ನಿ."

"ಆರೋಕೆ ಒಂದು ಗಂಟೆ ಸಾಕಾ?"

"ರಿಂಗಿಗೆ ಸಾಕು," ಎಂದಳು ಅವಳು.

ಆ ಹಾಳೆ ಈಗಲೂ ಕಾರ್ಖಾನೆಯ ಕಡತದಲ್ಲಿದೆಯಂತೆ. ಐದನೇ ಸಾಲಿನಲ್ಲಿ ಕೊನೆಗೆ ಅವನು ಏನು ಬರೆದ? ಇಬ್ಬರನ್ನೂ ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು, ಹೇಳಲಿಲ್ಲ. ನನಗೆ ಗೊತ್ತಿಲ್ಲ.