ಸತ್ತವರ ಪಟ್ಟಿಯಲ್ಲಿ ಒಬ್ಬಳು ಜೀವಂತ

ಮಂಗಳವಾರ ಬೆಳಿಗ್ಗೆ ಹತ್ತೂ ಕಾಲಿಗೆ ಠಾಣೆಗೆ ಬಂದ ಅಜ್ಜಿ ಮೊಮ್ಮಗಳ ಫೋನನ್ನು ಮೇಜಿನ ಮೇಲೆ ಕುಕ್ಕಿದಳು.

"ನಾನು ಸತ್ತಿದ್ದೀನಂತೆ ಸಾರ್. ಸತ್ತು ಆನ್‌ಲೈನಲ್ಲಿ ಓಟೂ ಹಾಕಿದ್ದೀನಂತೆ! ಬದುಕಿದ್ದಾಗ ಫೋನ್ ಎತ್ತೋಕೇ ಬರಲ್ಲ, ಸತ್ತ ಮೇಲೆ ಎಷ್ಟು ಜಾಣೆ ಆಗ್ಬಿಟ್ಟೆ ನೋಡಿ."

ಇನ್‌ಸ್ಪೆಕ್ಟರ್ ನಗಲಿಲ್ಲ. 'ಪುರಸಭೆಗೆ ಮತ ಹಾಕಿದ ಸತ್ತವರು' ಎಂಬ ಆ ಪೋಸ್ಟಿನಲ್ಲಿ ಅಜ್ಜಿಯದೂ ಸೇರಿ ನಲವತ್ತೊಂದು ಫೋಟೋಗಳಿದ್ದವು. 'ಫೋನಿಗೆ ಓಟು ಕೊಡೋದು, ಕುರಿ ಕಾಯೋಕೆ ತೋಳ ಇಟ್ಟಂಗೆ' ಎಂದು ಒಬ್ಬ ಬರೆದಿದ್ದ. 'ಸಾಲಲ್ಲಿ ನಿಲ್ಲೋದು ತಪ್ತು, ಸುಮ್ನಿರ್ರೋ' ಎಂದು ಇನ್ನೊಬ್ಬ. 'ಆ ಸೆಂಟರ್‌ನವಳನ್ನ ಹಿಡೀರಿ' ಎಂದು ಲೋಕವೆಲ್ಲ. ಭಾನುವಾರ ಗುಂಪು ಹಿಡಿದೇಬಿಟ್ಟಿತು. ಆನ್‌ಲೈನ್ ಮತದಾನ ಸಹಾಯ ಕೇಂದ್ರದ ಆಪರೇಟರ್ ತಲೆ ಒಡೆದು ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಳು. ಕಲ್ಲೆಸೆದ ಆರು ಮಂದಿ ಲಾಕಪ್ಪಿನಲ್ಲಿದ್ದರು. ಪೋಸ್ಟ್ ಹಾಕಿದವನದು ಮಾತ್ರ ಸುಳ್ಳು ಖಾತೆ.

"ಈ ಫೋಟೋ ಯಾರ ಹತ್ರ ಇತ್ತು ಅಜ್ಜಿ?"

"ಫ್ರೇಮ್ ಅಂಗಡಿಯವನ ಹತ್ರ. ನಾನು ಹೋದ್ಮೇಲೆ ಸೊಸೆ ಯಾವುದೋ ಗೂಬೆ ಮುಖದ್ದು ತೂಗುಹಾಕ್ತಾಳೆ ಅಂತ ಮೊದಲೇ ಮಾಡಿಸಿ ಪೆಟ್ಟಿಗೇಲಿಟ್ಟೆ. ನಾನೇ ಅಂಗಡಿಗೆ ಹೋದ್ರೆ ನಗ್ತಾನೆ ಅಂತ ಪಕ್ಕದ ಮನೆಯವಳ ಕೈಲಿ ಕಳಿಸಿದ್ದೆ."

ಮಹಿಳಾ ಪೇದೆ ಬೀದಿನಾಯಿಗಳಿಗೆಲ್ಲ ಗುರುತಾಗುವಷ್ಟು ಅಲೆದು ಪಟ್ಟಿಯಲ್ಲಿದ್ದ ಉಳಿದವರ ಮನೆಗಳನ್ನು ನೋಡಿ ಬಂದಳು. ಎಲ್ಲ ಗೋಡೆಗಳ ಮೇಲೂ ಅದೇ ಅಂಗಡಿಯ ಫ್ರೇಮು.

ಎರಡೂವರೆಗೆ ಇಬ್ಬರು ಸಾಕ್ಷಿಗಳೆದುರು ಅಂಗಡಿಯಲ್ಲಿ ಪಂಚನಾಮೆ ನಡೆಯಿತು. ಕಂಪ್ಯೂಟರಿನಲ್ಲಿ ಆ ಖಾತೆ ತೆರೆದೇ ಇತ್ತು. ಗಾಜು ಕತ್ತರಿಸುತ್ತಿದ್ದ ಅಂಗಡಿಯವನು ತಲೆ ತಗ್ಗಿಸಿದ.

"ಸುಳ್ಳು ಪಟ್ಟಿ ಯಾಕೆ ಮಾಡ್ದೆ?"

"ಅದ್ರಲ್ಲಿ ಒಂದು ನಿಜ ಸಾರ್. ನನ್ನ ಹೆಂಡ್ತಿ ಹೋಗಿ ಎರಡು ತಿಂಗಳಾದ್ಮೇಲೆ ಅವಳ ಓಟು ಬಿದ್ದಿದೆ ಅಂತ ಮೆಸೇಜ್ ಬಂತು. ಮೊದ್ಲು ಅದೊಂದನ್ನೇ ಹಾಕಿದ್ದೆ. 'ಸ್ವರ್ಗದಲ್ಲೂ ನೆಟ್‌ವರ್ಕ್ ಸಿಗುತ್ತಾ' ಅಂತ ನಕ್ಕರು. ಒಂದು ನಂಬಲ್ಲ, ನಲವತ್ತು ಹೇಳಿದ್ರೆ ನಂಬ್ತಾರೆ ಅನ್ಕೊಂಡೆ."

"ಕೇಂದ್ರಕ್ಕೆ ದೂರು ಕೊಟ್ಟಿದ್ಯಾ?"

"ಕೊಟ್ಟೆ. ಆ ಮೇಡಂ ಬರ್ಕೊಂಡ್ರು. ಕಸದ ಬುಟ್ಟಿಗೆ ಹಾಕಿರ್ತಾರೆ ಬಿಡಿ."

ಮೂರೂ ಇಪ್ಪತ್ತಕ್ಕೆ ಅವನನ್ನು ಬಂಧಿಸಿ ಠಾಣೆಗೆ ತಂದರು. ಭಾನುವಾರವೇ ಕೇಂದ್ರದಿಂದ ವಶಪಡಿಸಿಕೊಂಡಿದ್ದ ಕಡತವನ್ನು ಇನ್‌ಸ್ಪೆಕ್ಟರ್ ಅವನ ಮುಂದೆ ಬಿಚ್ಚಿಟ್ಟ. ಮೇಲಿನ ಕಚೇರಿಗೆ ಆಪರೇಟರ್ ಕಳಿಸಿದ್ದ ಮೂರು ಪತ್ರಗಳ ನಕಲುಗಳು ಅದರಲ್ಲಿದ್ದವು. ಕೊನೆಯದು ಶನಿವಾರದ್ದು: 'ಫ್ರೇಮ್ ಅಂಗಡಿಯವರ ದೂರು ನಿಜ. ನಾನೇ ಪರಿಶೀಲಿಸಿದ್ದೇನೆ. ದಯವಿಟ್ಟು ತನಿಖೆ ಮಾಡಿ.'

ಅವನು ಎರಡು ಸಲ ಓದಿದ. ಗಾಜಿನ ಪುಡಿ ಮೆತ್ತಿದ ಬೆರಳು 'ದೂರು ನಿಜ' ಎಂಬಲ್ಲಿ ನಿಂತಿತು.

"ಆ ಮೇಡಂಗೆ ಎಚ್ಚರ ಬಂತಾ ಸಾರ್?"

ಆಸ್ಪತ್ರೆಯಿಂದ ಕರೆ ಬಂದು ಹತ್ತು ನಿಮಿಷವಾಗಿತ್ತು. ಪಕ್ಕದ ಮೇಜಿನಲ್ಲಿ ಠಾಣೆಯ ರೈಟರ್ ಎಫ್‌ಐಆರ್‌ಗೆ ಕೊಲೆಯ ಕಲಮು ಸೇರಿಸುತ್ತಿದ್ದ.